ಮುಂದಿನ ಗೋಡೆ ಒಡೆಯುವ ಮೊದಲು

ಮೈಸೂರಿನ ಅಗ್ರಹಾರ, ಸಂತೇಪೇಟೆ, ಶಿವರಾಂಪೇಟೆ ಕಡೆ ಹಳೇ ಮನೆಗಳು ಒಂದೊಂದಾಗಿ ಅಂಗಡಿಯಾಗುತ್ತಿವೆ. ಅಯ್ಯೋ ಅನ್ನುವವರು ಬಹಳ ಜನ. ನನಗೆ ಮಾತ್ರ ಇದು ಒಳ್ಳೆಯದೇ ಅನ್ನಿಸುತ್ತದೆ. ಮಕ್ಕಳೆಲ್ಲ ಬೇರೆ ಊರು ಸೇರಿ, ಬೀಗ ಬಿದ್ದ ಮನೆಯ ಗತಿ ನೋಡಿ. ಹೆಂಚು ಜಾರುತ್ತದೆ, ಮಳೆ ನೀರು ಗೋಡೆಗೆ ಇಳಿಯುತ್ತದೆ, ತೊಲೆಗೆ ಗೆದ್ದಲು ಹತ್ತುತ್ತದೆ. ದಿನಾ ಬಾಗಿಲು ತೆಗೆಯುವ ಅಂಗಡಿ ಅದಕ್ಕಿಂತ ಎಷ್ಟೋ ವಾಸಿ.

ತೊಂದರೆ ಶುರುವಾಗುವುದು ಬಾಡಿಗೆಗೆ ಬರುವವರ ಮೊದಲ ಪ್ರಶ್ನೆಯಿಂದ: "ಮೇಡಂ, ಮುಂದಿನ ಗೋಡೆ ತೆಗೆದು ಷಟರ್ ಹಾಕಿಸಬಹುದಾ?"

ಆ ಗೋಡೆ ಏನೇನು ಹೊತ್ತಿದೆ ಅಂತ ಮೊದಲು ನೋಡಬೇಕು. ಈಗಿನ ಮನೆಗಳಲ್ಲಿ ಭಾರ ಹೊರುವುದು ಕಾಂಕ್ರೀಟ್ ಪಿಲ್ಲರ್ ಮತ್ತು ಬೀಮ್. ನಡುವಿನ ಗೋಡೆ ತೆಗೆದರೂ ಕಟ್ಟಡ ನಿಲ್ಲುತ್ತದೆ. ಹಳೇ ಮನೆಯಲ್ಲಿ ಒಂದೂವರೆ, ಎರಡು ಅಡಿ ದಪ್ಪದ ಗೋಡೆಯೇ ಎಲ್ಲವನ್ನೂ ಹೊರಬೇಕು. ಮದ್ರಾಸ್ ತಾರಸಿ ಇದ್ದರಂತೂ ಭಾರ ಇನ್ನೂ ಜಾಸ್ತಿ. ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆ ಹಾಕಿದ ತಾರಸಿ ಅದು. ಆ ಜಂತೆಗಳ ತುದಿ ಗೋಡೆಯೊಳಗೆ ಕೂತಿರುತ್ತದೆ. ಅಂಥ ಗೋಡೆಯಲ್ಲಿ ಹತ್ತು ಹನ್ನೆರಡು ಅಡಿ ಅಗಲ ಕೊರೆದರೆ, ಮೇಲಿನ ಭಾರವೆಲ್ಲ ಆ ಕಡೆ ಈ ಕಡೆ ಉಳಿದ ತುಂಡು ಗೋಡೆಗಳ ಮೇಲೆ ಬೀಳುತ್ತದೆ. ಮಣ್ಣಿನಲ್ಲಿ ಕಟ್ಟಿದ ಗೋಡೆಯಾದರೆ ಬಿರುಕು ಬಿಡಲು ಹೆಚ್ಚು ದಿನ ಬೇಕಿಲ್ಲ.

ಕಬ್ಬಿಣದ ಬೀಮ್ ಕೊಟ್ಟರಾಯಿತು ಅನ್ನುತ್ತಾರೆ ಮೇಸ್ತ್ರಿಗಳು. ಕೊಡಬಹುದು. ಆದರೆ ಬೀಮಿನ ಎರಡೂ ತುದಿಗೆ ಕೂರಲು ಗಟ್ಟಿ ಜಾಗ ಬೇಕು. ಕೆಲಸ ಮುಗಿಯುವವರೆಗೆ ಜಂತೆಗಳಿಗೆ ಕೆಳಗಿಂದ ಆಸರೆ ಇರಬೇಕು. ಖರ್ಚು ಉಳಿಸಲು ಜನ ಮೊದಲು ಕೈಬಿಡುವುದು ಈ ಆಸರೆಯನ್ನೇ. ಇಂಜಿನಿಯರ್ ಲೆಕ್ಕ ಹಾಕದೆ ಈ ಕೆಲಸಕ್ಕೆ ನಾನು ಒಪ್ಪುವುದಿಲ್ಲ.

ಇದಕ್ಕಿಂತ ಸುಲಭದ ದಾರಿ ಒಂದಿದೆ. ಬಾಗಿಲಿನ ಎರಡೂ ಪಕ್ಕ ಕಿಟಕಿ ಇರುತ್ತದಲ್ವಾ? ಅದರ ಅಗಲ ಮುಟ್ಟಬೇಡಿ. ಕೆಳಗಿನ ಗೋಡೆಯನ್ನಷ್ಟೇ ನೆಲದವರೆಗೆ ತೆಗೆಯಿರಿ. ಕಿಟಕಿಯ ಮೇಲಿನ ಕಮಾನು ಮೊದಲು ಹೊತ್ತಿದ್ದ ಭಾರವನ್ನೇ ಹೊತ್ತುಕೊಂಡಿರುತ್ತದೆ. ಒಂದು ಬಾಗಿಲಿದ್ದ ಕಡೆ ಮೂರಾದವು. ಗಾಜಿನ ಬಾಗಿಲು ಹಾಕಿದರೆ ಒಳಗಿನ ಸೀರೆಯೋ ಪಾತ್ರೆಯೋ ರಸ್ತೆಗೆ ಕಾಣುತ್ತದೆ. ಜಗಲಿಯನ್ನಂತೂ ದಯವಿಟ್ಟು ಒಡೆಯಬೇಡಿ. ಮನೆಯವರು ಸೀರೆ ಆರಿಸುವ ಹೊತ್ತಿಗೆ ಜೊತೆಗೆ ಬಂದ ಅಜ್ಜಿ ತಾತ ಎಲ್ಲಿ ಕೂರಬೇಕು?

ಒಳಗೆ ಬಂದರೆ ತೊಟ್ಟಿ, ಅಂದರೆ ಮನೆಯ ನಡುವಿನ ತೆರೆದ ಅಂಗಳ. ಇಷ್ಟು ಜಾಗ ಸುಮ್ನೆ ಹೋಗುತ್ತಿದೆ ಅಂತ ಅದರ ಮೇಲೆ ಶೀಟ್ ಹೊದಿಸಿ, ನೆಲ ಏರಿಸಿ ಟೈಲ್ಸ್ ಹಾಕಿಬಿಡುತ್ತಾರೆ. ಆಮೇಲೆ ಒಳಗೆ ಧಗೆ ಅಂತ ಎಸಿ ತರುತ್ತಾರೆ. ಮೊದಲು ಬಿಸಿಗಾಳಿ ಮೇಲೇರಿ ಹೊರಗೆ ಹೋಗುತ್ತಿದ್ದದ್ದು ಇದೇ ತೊಟ್ಟಿಯಿಂದ. ಮಳೆ ಬೀಳಬಾರದು ಅಂತಿದ್ದರೆ ಪಾರದರ್ಶಕ ಶೀಟನ್ನು ಸುತ್ತಲಿನ ಹೆಂಚಿನಿಂದ ಒಂದೂವರೆ ಎರಡು ಅಡಿ ಎತ್ತರಕ್ಕೆ ನಿಲ್ಲಿಸಿ, ಅಂಚನ್ನು ಹೊರಗೆ ಚಾಚಿಸಿ. ಪಕ್ಕಗಳು ತೆರೆದೇ ಇರಲಿ. ಬೆಳಕೂ ಬರುತ್ತದೆ, ಗಾಳಿಯೂ ಆಡುತ್ತದೆ. ನೆಲ ಮುಚ್ಚುವ ಮುಂಚೆ ತೊಟ್ಟಿಯ ನೀರು ಎಲ್ಲಿ ಹೋಗುತ್ತಿತ್ತು ಅಂತ ಹುಡುಕಿ. ನೆಲದಡಿಯ ಆ ಮೋರಿಯನ್ನು ಸಿಮೆಂಟಿನಿಂದ ಮುಚ್ಚಿದರೆ, ನಿಂತ ನೀರು ಗೋಡೆಯ ಬುಡ ಸೇರಿ ಮೇಲೇರುತ್ತದೆ.

ಮೈಸೂರಿನದೇ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದದ್ದು 2012ರ ಆಗಸ್ಟ್‌ನಲ್ಲಿ. ದೇವರಾಜ ಮಾರುಕಟ್ಟೆಯ ಉತ್ತರದ ಬದಿ ಬಿದ್ದದ್ದು 2016ರ ಆಗಸ್ಟ್‌ನಲ್ಲಿ. ಎರಡೂ ಮಳೆಗಾಲ. ಹಳೇ ಮನೆಗೆ ಹೋದಾಗ ನಾನು ಬಣ್ಣ, ಕೆತ್ತನೆ ನೋಡುವ ಮೊದಲು ನೀರಿನ ದಾರಿ ನೋಡುತ್ತೇನೆ.

ತೇವ ಕಂಡ ಕೂಡಲೇ ಸಿಮೆಂಟ್ ಪ್ಲಾಸ್ಟರ್ ಬಳಿಸುವುದು ಇನ್ನೊಂದು ದುರಭ್ಯಾಸ. ಸುಣ್ಣದ ಗಾರೆಯಲ್ಲಿ ತೇವ ಹೊರಗೆ ಬಂದು ಆರಿಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ಹಿಡಿಯುತ್ತದೆ. ಒಳಗಿನ ಇಟ್ಟಿಗೆ ಉಪ್ಪು ಕಟ್ಟಿ ಪುಡಿಯಾಗುತ್ತದೆ. ಎರಡು ವರ್ಷ ಗೋಡೆ ಚೆಂದ ಕಾಣುತ್ತದೆ, ಆಮೇಲೆ ಪ್ಲಾಸ್ಟರ್ ಹಾಳೆ ಹಾಳೆಯಾಗಿ ಬೀಳುತ್ತದೆ. ಸುಣ್ಣದ ಗಾರೆಯನ್ನೇ ಮಾಡಿಸಿ, ಮೇಲೆ ಸುಣ್ಣ ಬಳಿಸಿ.

ಮಹಡಿ ಗೋಡೌನ್ ಆಗುವುದೂ ನನಗೆ ಭಯದ ವಿಷಯವೇ. ಭಾರತೀಯ ಮಾನಕದ ಪ್ರಕಾರ ವಾಸದ ಮನೆಯ ಮಹಡಿಗೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರದ ಲೆಕ್ಕ ಹಿಡಿಯುತ್ತಾರೆ. ಅಂಗಡಿಗೆ ಅದರ ಎರಡರಷ್ಟು, 400 ಕಿಲೋ. ಬಟ್ಟೆ ಬೇಲುಗಳನ್ನು ಒಂದರ ಮೇಲೊಂದು ಪೇರಿಸಿದರೆ ಅದೂ ಸಾಲದು. ಮಲಗಲು, ಕೂರಲು ಕಟ್ಟಿದ ಜಂತೆ ಇದನ್ನು ತಡೆಯುವುದಿಲ್ಲ. ಸರಕು ಕೆಳಗಿರಲಿ. ಮೇಲೆ ಲೆಕ್ಕದವರು, ಟೈಲರ್‌ಗಳು ಕೂರಲಿ.

ಮನೆ ಮಾಲೀಕರಿಗೆ ಒಂದು ಮಾತು. ಇದನ್ನೆಲ್ಲ ಬಾಯಿ ಮಾತಲ್ಲಿ ಬಿಡಬೇಡಿ, ಬಾಡಿಗೆ ಕರಾರಿನಲ್ಲೇ ಬರೆಸಿ. ಯಾವ ಗೋಡೆ ಮುಟ್ಟಬಾರದು, ಮಹಡಿಯಲ್ಲಿ ಏನು ಇಡಬಾರದು, ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸುವ ಖರ್ಚು ಯಾರದ್ದು ಎಂದು ಸ್ಪಷ್ಟವಾಗಿರಲಿ. ಫಾಲ್ಸ್ ಸೀಲಿಂಗ್ ಬೇಕೇ ಬೇಕು ಅಂದರೆ, ಅದರ ಮೇಲಿನ ತೊಲೆ ನೋಡಲು ಒಬ್ಬ ಆಳು ಹತ್ತುವಷ್ಟು ಕಿಂಡಿ ಬಿಡಬೇಕು ಎಂಬುದನ್ನೂ ಸೇರಿಸಿ.