ಗುಜರಿ ಕಾರು ಗೆಲ್ಲುವ ಲೆಕ್ಕ

ಕೊಂಡ ದಿನದಿಂದ ಕಾಟ ಕೊಡುವ ಕಾರಿಗೆ ಅಮೆರಿಕದವರು ‘ಲೆಮನ್’ ಅನ್ನುತ್ತಾರೆ, ಅಂದರೆ ನಿಂಬೆಹಣ್ಣು. ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸಿನ ಹೆಸರಿಗೆ ಈ ನಿಂಬೆಹಣ್ಣು ಹಿಂಡಿ, 2006ರಲ್ಲಿ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಟ್ರ್ಯಾಕಿನಲ್ಲಿ ಜೇ ಲ್ಯಾಮ್ ಶುರುಮಾಡಿದ್ದು ‘24 ಅವರ್ಸ್ ಆಫ್ ಲೆಮನ್ಸ್’. ಕಾರಿನ ಬೆಲೆ 500 ಡಾಲರ್ ದಾಟಬಾರದು. ರೋಲ್ ಕೇಜ್ (ಕಾರು ಉರುಳಿದರೆ ಚಾಲಕನನ್ನು ಕಾಯುವ ಕಬ್ಬಿಣದ ಚೌಕಟ್ಟು), ಸೀಟು, ಬೆಲ್ಟು, ಬ್ರೇಕುಗಳಂಥ ಜೀವ ಕಾಯುವ ಸಾಮಾನು ಮಾತ್ರ ಆ ಲೆಕ್ಕಕ್ಕಿಲ್ಲ.

ಹವ್ಯಾಸಿಗಳ ಹಳೆಯ ದಾರಿ ಸ್ಪ್ರಿಂಟ್, ಅಂದರೆ ಚಿಕ್ಕ ಓಟ. 1944ರಲ್ಲಿ ಹುಟ್ಟಿದ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ರೇಸುಗಳಲ್ಲಿ ಒಬ್ಬ ಚಾಲಕ ಸುಮಾರು ಅರ್ಧ ಗಂಟೆ ಜೀವದ ಹಂಗು ತೊರೆದು ಓಡಿಸುತ್ತಾನೆ. ಲೆಮನ್ಸ್‌ನಲ್ಲಿ ಒಂದೇ ಕಾರನ್ನು ನಾಲ್ಕೈದು ಜನ ಸರದಿಯಲ್ಲಿ ದಿನವಿಡೀ ಓಡಿಸುತ್ತಾರೆ. ಗಡಿಯಾರ ಉದ್ದವಾದ ಕೂಡಲೇ ಗೆಲುವಿನ ಗಣಿತವೇ ತಿರುಗಿಬೀಳುತ್ತದೆ.

ಒಂದು ಸುತ್ತಿಗೆ ಎರಡು ನಿಮಿಷ ಅಂದುಕೊಳ್ಳಿ. ಸುತ್ತಿಗೊಂದು ಸೆಕೆಂಡು ಉಳಿಸುವವನು ಅರ್ಧ ಗಂಟೆಯಲ್ಲಿ 15 ಸೆಕೆಂಡು ಮುಂದಿರುತ್ತಾನೆ; ಸ್ಪ್ರಿಂಟ್ ಗೆಲ್ಲಲು ಅಷ್ಟು ಧಾರಾಳವಾಗಿ ಸಾಕು. ಎಂಟು ಗಂಟೆಗಳ ಓಟದಲ್ಲಿ ಅದೇ ಚುರುಕುತನದ ಗಳಿಕೆ ನಾಲ್ಕು ನಿಮಿಷ. ಆದರೆ ರೇಡಿಯೇಟರಿನ ಒಂದು ಹೋಸ್ ಒಡೆದು ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕದ ರಿಪೇರಿ ಜಾಗದಲ್ಲಿ) 20 ನಿಮಿಷ ನಿಂತರೆ? ಆ ನಷ್ಟ ತುಂಬಲು ಅದೇ ಒಂದು ಸೆಕೆಂಡಿನ ಲೆಕ್ಕದಲ್ಲಿ 1,200 ಸುತ್ತು ಬೇಕು, ಅಂದರೆ 40 ಗಂಟೆ! ಅಷ್ಟು ಹೊತ್ತು ರೇಸೇ ಇರುವುದಿಲ್ಲ.

ಇನ್ನು ಬಿಸಿ. ಸಾವಿರ ಕೆ.ಜಿ. ಕಾರು 160 ಕಿ.ಮೀ. ವೇಗದಿಂದ 60ಕ್ಕೆ ಇಳಿಯುವಾಗ ಬಿಟ್ಟುಕೊಡುವ ಶಕ್ತಿಯಿಂದ ಸುಮಾರು ಎರಡೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಅದರ ಬಹುಪಾಲು ಬ್ರೇಕಿಗೇ ಹೋಗುತ್ತದೆ, ಅದೂ ಪ್ರತಿ ದೊಡ್ಡ ತಿರುವಿನಲ್ಲಿ. ಹಳೆಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿರುತ್ತದೆ, ಬೇಗ ಕುದಿಯುತ್ತದೆ. ಪೈಪಿನಲ್ಲಿ ಆವಿ ಸೇರಿದರೆ ಪೆಡಲು ಮೆತ್ತಗೆ ನೆಲ ಮುಟ್ಟುತ್ತದೆ.

ನನ್ನ ಮಟ್ಟಿಗೆ ಇದೆಲ್ಲದರ ಹೃದಯ ಇರುವುದು ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯಲ್ಲಿ, ಆಯಿಲ್ ಸಂಪ್‌ನಲ್ಲಿ. ಬಸ್ಸು ರಭಸದಿಂದ ತಿರುಗಿದಾಗ ಕೈಯಲ್ಲಿನ ಲೋಟದ ನೀರು ಒಂದು ಬದಿಗೆ ಏರುವುದನ್ನು ನೋಡಿದ್ದೀರಲ್ಲ. ತಿರುವಿನ ಬಲ ಗುರುತ್ವದಷ್ಟೇ ಆದರೆ ಎಣ್ಣೆಯ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಉದ್ದನೆಯ ತಿರುವಿನಲ್ಲಿ ಎಣ್ಣೆಯೆಲ್ಲ ಗೋಡೆಗೆ ಅಂಟಿದಾಗ ಪಂಪಿನ ಬಾಯಿಗೆ ಸಿಗುವುದು ಗಾಳಿ. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡಿಗೂ ಅದು ತಿರುಗಿಸುವ ಕ್ರ್ಯಾಂಕ್ ದಂಡಕ್ಕೂ ನಡುವೆ ಇರುವುದು ಕೆಲವೇ ಮೈಕ್ರಾನ್ ದಪ್ಪದ ಎಣ್ಣೆ ಪೊರೆ. ಅದು ಹರಿದರೆ ಲೋಹಕ್ಕೆ ಲೋಹ ಉಜ್ಜಿ ಬೇರಿಂಗ್ ಕರಗುತ್ತದೆ. ಮೊದಲು ಟಕ್ ಟಕ್ ಸದ್ದು, ಕೊನೆಗೆ ಕೆಲವೊಮ್ಮೆ ರಾಡು ಎಂಜಿನ್ ಬ್ಲಾಕಿನ ಗೋಡೆಯನ್ನೇ ತೂತು ಮಾಡಿ ಹೊರಬರುತ್ತದೆ.

ರಾಡಿನ ಮೇಲಿನ ಜಡತ್ವದ ಎಳೆತ ಎಂಜಿನ್ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 6,500 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ನಿನ ಸುತ್ತು) ಬದಲು 5,500ಕ್ಕೇ ಗೇರ್ ಬದಲಿಸಿದರೆ ಆ ಎಳೆತ ಶೇ. 28ರಷ್ಟು ಇಳಿಯುತ್ತದೆ. ಸ್ಪ್ರಿಂಟ್ ಚಾಲಕನಿಗೆ ಒಗ್ಗದ ಈ ಸಂಯಮವೇ ಇಲ್ಲಿ ಕೌಶಲ. ಅನುಭವಸ್ಥ ತಂಡಗಳು ಮನೆಯಲ್ಲೇ ಸಂಪ್ ಬಿಚ್ಚಿ, ಎಣ್ಣೆ ಒಂದೇ ಬದಿಗೆ ನುಗ್ಗದಂತೆ ಒಳಗೆ ತಗಡಿನ ತಡೆಗಳನ್ನು ವೆಲ್ಡ್ ಮಾಡಿಕೊಂಡು ಬರುತ್ತವೆ. ಟ್ರ್ಯಾಕಿನಲ್ಲಿ ಆಯಿಲ್ ಪ್ರೆಶರ್ ಮುಳ್ಳು ತಿರುವಿನಲ್ಲಿ ಒಮ್ಮೆ ಕುಸಿದರೂ ಸಾಕು, ಮುಂದಿನ ಸುತ್ತಿನಲ್ಲಿ ಚಾಲಕ ಅದೇ ಜಾಗಕ್ಕೆ ಬರುವ ಮೊದಲೇ ವೇಗ ಇಳಿಸಿರುತ್ತಾನೆ.