ಅಣು ಕದಲುವುದಿಲ್ಲ, ಅದರ ಗೆರೆ ಅಲೆಯುತ್ತದೆ

ಡಿಫ್ಯೂಷನ್ ಎಂದೊಡನೆ ನೀರಿಗೆ ಬಿದ್ದ ಶಾಯಿ ಹರಡುವ ಚಿತ್ರವೇ ಕಣ್ಣ ಮುಂದೆ ಬರುತ್ತದೆ. ಕಿರುಪರೀಕ್ಷೆಯಲ್ಲಿ ನಾನೂ ಹಾಗೆಯೇ ಬರೆದು ಎರಡು ಅಂಕ ಕಳೆದುಕೊಂಡೆ. ರೋಹಿತ ವಿಸರಣೆ, ಅಂದರೆ ಸ್ಪೆಕ್ಟ್ರಲ್ ಡಿಫ್ಯೂಷನ್‌ನಲ್ಲಿ ಬಣ್ಣದ ಅಣು ಇದ್ದಲ್ಲಿಯೇ ಇರುತ್ತದೆ. ಅದು ಯಾವ ಆವೃತ್ತಿಯ ಬೆಳಕನ್ನು ಹೀರುತ್ತದೆಯೋ ಆ ಆವೃತ್ತಿ ಮಾತ್ರ ಹೊತ್ತು ಕಳೆದಂತೆ ಅತ್ತಿತ್ತ ಸರಿಯುತ್ತದೆ. ಶಂಕರಘಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಗೆಳೆಯರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಗಾಜು. ಕಲ್ಲುಸಕ್ಕರೆಯೂ ಸಕ್ಕರೆಯೇ, ಕಾಯಿಸಿ ತಟ್ಟೆಗೆ ಸುರಿದಾಗ ಗಟ್ಟಿಯಾಗಿ ಪಟ್ಟೆಂದು ಮುರಿಯುವ ಪಾಕವೂ ಸಕ್ಕರೆಯೇ. ಮೊದಲನೆಯದರಲ್ಲಿ ಅಣುಗಳು ಸಾಲಾಗಿ ಕುಳಿತಿವೆ, ಅದು ಸ್ಫಟಿಕ. ಎರಡನೆಯದರಲ್ಲಿ ಸಿಕ್ಕಸಿಕ್ಕಂತೆ ಹೆಪ್ಪುಗಟ್ಟಿವೆ, ಅದು ಗಾಜು. ಎಥನಾಲ್ ಅಥವಾ ಪಾಲಿಮರ್ ಕೂಡ ಹೀಗೆ ಗಾಜಾಗಬಲ್ಲದು. ಅದರಲ್ಲಿ ಬೆರೆತ ಪ್ರತಿಯೊಂದು ಬಣ್ಣದ ಅಣುವಿಗೂ ನೆರೆಹೊರೆ ಬೇರೆ ಬೇರೆ, ಆದ್ದರಿಂದ ಆವೃತ್ತಿಯೂ ಬೇರೆ. ಎಲ್ಲವೂ ಸೇರಿ ನೂರಾರು ತರಂಗಸಂಖ್ಯೆಯಷ್ಟು (cm⁻¹), ಅಂದರೆ ಹಲವು ಟೆರಾಹರ್ಟ್ಸ್ ಅಗಲದ ಪಟ್ಟೆಯಾಗುತ್ತವೆ. ಆದರೆ ಉದ್ರಿಕ್ತ ಸ್ಥಿತಿಯ ಆಯುಷ್ಯ 5 ನ್ಯಾನೋಸೆಕೆಂಡ್ ಆಗಿರುವ ಒಂದೇ ಅಣುವಿನ ಗೆರೆ, ಅಂದರೆ ಅದು ಹೀರುವ ಆವೃತ್ತಿಗಳ ಸಣ್ಣ ಹರವು, ಕೇವಲ 32 ಮೆಗಾಹರ್ಟ್ಸ್ ಅಗಲ ಇರಬೇಕು (ಒಂದನ್ನು 2π ಮತ್ತು ಆಯುಷ್ಯದ ಗುಣಲಬ್ಧದಿಂದ ಭಾಗಿಸಿ ನೋಡಿ). ಪಟ್ಟೆಯೊಳಗೆ ಅಡಗಿದ ಈ ಸಣ್ಣ ಗೆರೆಯನ್ನು ಕಾಣಲು 1974ರಲ್ಲಿ ಸೋವಿಯತ್ ಒಕ್ಕೂಟದ ಎರಡು ತಂಡಗಳು ದಾರಿ ತೋರಿಸಿದವು: ಕಿರಿದಾದ ಲೇಸರ್‌ನಿಂದ ಪಟ್ಟೆಯಲ್ಲಿ ಒಂದು ಕುಳಿ ಸುಡುವುದು, ಅಂದರೆ ಆ ಆವೃತ್ತಿಯ ಅಣುಗಳು ಅಲ್ಲಿ ಬೆಳಕು ಹೀರದಂತೆ ಮಾಡಿ ಪಟ್ಟೆಯಲ್ಲಿ ತಗ್ಗು ಬೀಳಿಸುವುದು.

ಹಾಗೆ ಅಳೆದ ಅಗಲವೋ, ದ್ರವ ಹೀಲಿಯಮ್‌ನ 4.2 ಕೆಲ್ವಿನ್‌ನಲ್ಲಿಯೂ ಲೆಕ್ಕಕ್ಕಿಂತ ಹೆಚ್ಚು. ಅಷ್ಟು ಚಳಿಯಲ್ಲಿ ಏನು ಅಲುಗಾಡುತ್ತಿದೆ?

ಉತ್ತರ ಉಷ್ಣದ ಅಳತೆಯಿಂದ ಬಂತು. 1971ರಲ್ಲಿ ಝೆಲ್ಲರ್ ಮತ್ತು ಪೋಲ್, 1 ಕೆಲ್ವಿನ್‌ಗಿಂತ ಕೆಳಗೆ ಗಾಜುಗಳ ವಿಶಿಷ್ಟೋಷ್ಣವು ಸ್ಫಟಿಕದಲ್ಲಿಯಂತೆ ಉಷ್ಣತೆಯ ಘನಕ್ಕೆ ಅನುಗುಣವಾಗಿ ಇಳಿಯದೆ, ಹೆಚ್ಚುಕಡಿಮೆ ಉಷ್ಣತೆಗೇ ಅನುಪಾತದಲ್ಲಿದೆ ಎಂದು ತೋರಿಸಿದರು. ಮರುವರ್ಷ ಆಂಡರ್ಸನ್, ಹಾಲ್ಪೆರಿನ್ ಮತ್ತು ವರ್ಮಾ ಒಂದು ಕಡೆ, ಫಿಲಿಪ್ಸ್ ಇನ್ನೊಂದು ಕಡೆ, ಎರಡು ಮಟ್ಟದ ವ್ಯವಸ್ಥೆಗಳ ಮಾದರಿಯನ್ನು ಮುಂದಿಟ್ಟರು.

ತೀರ್ಥಹಳ್ಳಿಯ ಬಳಿ ನಮ್ಮ ಅಜ್ಜನ ಮನೆಯ ಅಂಗಳದಲ್ಲಿ ಹಾಸುಗಲ್ಲೊಂದಿದೆ. ಕಾಲಿಟ್ಟರೆ ಆ ಕಡೆ ವಾಲುತ್ತದೆ, ಇನ್ನೊಂದು ಅಂಚಿಗೆ ಇಟ್ಟರೆ ಈ ಕಡೆ. ನಡುವೆ ನಿಲ್ಲುವುದೇ ಇಲ್ಲ. ಗಾಜಿನಲ್ಲಿ ಹೀಗೆ ಎರಡೇ ಭಂಗಿ ಬಲ್ಲ ಅಣುಗುಂಪುಗಳು ಅಲ್ಲಲ್ಲಿ ಇವೆ. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ: ಗಾಜಿನ ಕಲ್ಲನ್ನು ಯಾರೂ ತುಳಿಯಬೇಕಿಲ್ಲ. ಅದು ದಿಬ್ಬ ಹತ್ತದೆ ಕೊರೆದು ದಾಟುತ್ತದೆ (ಟನೆಲಿಂಗ್), ಎರಡು ಭಂಗಿಗಳ ಶಕ್ತಿಯ ವ್ಯತ್ಯಾಸವನ್ನು ಫೋನಾನ್‌ಗಳು (ಘನವಸ್ತುವಿನೊಳಗಿನ ಕಂಪನದ ಕಂತುಗಳು) ತುಂಬಿಕೊಡುತ್ತವೆ. ಕಲ್ಲು ವಾಲಿದಾಗ ಸುತ್ತಲಿನ ಬಿಗಿತ ಬದಲಾಗುತ್ತದೆ, ಬಣ್ಣದ ಅಣುವಿನ ಆವೃತ್ತಿ ಸ್ವಲ್ಪ ಸರಿಯುತ್ತದೆ. ಈ ಪ್ರಭಾವ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುವುದರಿಂದ ಹತ್ತಿರದ ಕಲ್ಲುಗಳದೇ ದರ್ಬಾರು. ಅಂಥ ಒಂದೇ ಕಲ್ಲಿದ್ದರೆ ಅಣುವಿನ ಗೆರೆ ಎರಡು ಜಾಗಗಳ ನಡುವೆ ಜಿಗಿಯುತ್ತದೆ. ಎರಡಿದ್ದರೆ ನಾಲ್ಕು ಜಾಗ. 1989ರಲ್ಲಿ ಮೋರ್ನರ್ ಮತ್ತು ಕಾಡೋರ್ ಒಂಟಿ ಅಣುವಿನ ಹೀರಿಕೆಯನ್ನು ಗುರುತಿಸಿದ ಮೇಲೆ ಇಂಥ ಜಿಗಿತಗಳನ್ನು ನೇರವಾಗಿ ನೋಡುವುದು ಸಾಧ್ಯವಾಯಿತು.

ನನಗೆ ತಡವಾಗಿ ಹೊಳೆದದ್ದು ಇದು: ಕಲ್ಲುಗಳ ವೇಗ ಒಂದೇ ತೆರನಲ್ಲ. ಕೆಲವು ಮೈಕ್ರೋಸೆಕೆಂಡಿಗೊಮ್ಮೆ ವಾಲಿದರೆ ಕೆಲವಕ್ಕೆ ದಿನಗಳೇ ಬೇಕು. ಮಾದರಿಯ ಪ್ರಕಾರ ಕಾಲದ ಪ್ರತಿ ಹತ್ತು ಪಟ್ಟಿಗೂ ಸರಿಸುಮಾರು ಅಷ್ಟೇ ಕಲ್ಲುಗಳಿವೆ. ಹಾಗಾಗಿ 1ರಿಂದ 10 ಮಿಲಿಸೆಕೆಂಡಿನೊಳಗೆ ಕುಳಿ ಎಷ್ಟು ಅಗಲವಾಗುತ್ತದೆಯೋ, 100ರಿಂದ 1000 ಸೆಕೆಂಡಿನೊಳಗೂ ಅಷ್ಟೇ. ಅಂದಮೇಲೆ ಎಷ್ಟು ಹೊತ್ತು ಕಾದು ಅಳೆದದ್ದು ಎಂದು ಹೇಳದೆ ಗೆರೆಯ ಅಗಲ ಇಷ್ಟು ಎಂದರೆ ಅದು ಅರ್ಧ ಉತ್ತರ. ಫೋಟಾನ್ ಎಕೋ (ಲೇಸರ್ ಮಿಂಚುಗಳ ನಂತರ ಅಣುಗಳು ಮರಳಿಸುವ ಬೆಳಕಿನ ಪ್ರತಿಧ್ವನಿ) ಪ್ರಯೋಗದ ಅಗಲಕ್ಕೂ ಕುಳಿಯ ಅಗಲಕ್ಕೂ ತಾಳೆಯಾಗದಿದ್ದಾಗ ಯಾರೋ ಒಬ್ಬರು ತಪ್ಪಿದ್ದಾರೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅವರು ಕಾದ ಹೊತ್ತು ಬೇರೆ, ಅಷ್ಟೆ.

ಅಭ್ಯಾಸಕ್ಕೆ ಒಂದು ನಕ್ಷೆ ಬರೆಯಿರಿ: ಒಂದು ಅಕ್ಷದಲ್ಲಿ ಕಾದ ಹೊತ್ತು, ಇನ್ನೊಂದರಲ್ಲಿ ಕುಳಿಯ ಅಗಲ. ಸಾಮಾನ್ಯ ಗ್ರಾಫ್ ಹಾಳೆಯಲ್ಲಿ ನಕ್ಷೆಯ ರೇಖೆ ಬೇಗನೆ ಮಟ್ಟಸವಾದಂತೆ ಕಾಣುತ್ತದೆ. ನಾನು ಪಕ್ಕದಲ್ಲಿ ‘ವಿಸರಣೆ ನಿಂತಿತು’ ಎಂದು ಗುರುತು ಹಾಕಿದ್ದೆ. ಕಾಲದ ಅಕ್ಷವನ್ನು ಲಾಗ್‌ಗೆ (ಪ್ರತಿ ಹತ್ತು ಪಟ್ಟಿಗೂ ಸಮ ಅಂತರ) ಬದಲಿಸಿದಾಗ ಅದೇ ಬಿಂದುಗಳು ಹಾಳೆಯ ಅಂಚಿನವರೆಗೂ ನೇರವಾಗಿ ಏರುತ್ತಿದ್ದವು.