ಮೇಲಿಂದ ನೋಡುವ ಉಪಗ್ರಹಕ್ಕೆ ಮಂಜುಗಡ್ಡೆಯ ದಪ್ಪ ತಿಳಿಯುವುದು ಹೇಗೆ?

ಪ್ರಶ್ನೆ: ಧ್ರುವ ಸಮುದ್ರದ ಮಂಜುಗಡ್ಡೆ ಎಷ್ಟು ದೂರ ಹರಡಿದೆ ಎಂದು ಉಪಗ್ರಹದ ಚಿತ್ರ ನೋಡಿ ಹೇಳಬಹುದು, ಒಪ್ಪಿದೆ. ಆದರೆ ಅದು ತೆಳ್ಳಗಾಗುತ್ತಿದೆ ಎಂದೂ ವಿಜ್ಞಾನಿಗಳು ಹೇಳುತ್ತಾರಲ್ಲ, ನೂರಾರು ಕಿಲೋಮೀಟರ್ ಎತ್ತರದಿಂದ ದಪ್ಪ ಅಳೆಯುವುದು ಹೇಗೆ?

ಉತ್ತರ: ಮೊದಲು ಹರಹಿನ ಬಗ್ಗೆ ಒಂದು ಮಾತು. ಚಳಿಗಾಲದ ಧ್ರುವದಲ್ಲಿ ತಿಂಗಳುಗಟ್ಟಲೆ ಕತ್ತಲು, ಬೇಸಿಗೆಯಲ್ಲಿ ಬಹುಪಾಲು ಮೋಡ. ಹಾಗಾಗಿ ಮಾಮೂಲಿ ಛಾಯಾಚಿತ್ರದಿಂದ ವರ್ಷವಿಡೀ ಲೆಕ್ಕ ಇಡಲಾಗದು. ಮಂಜುಗಡ್ಡೆ ಮತ್ತು ಸಮುದ್ರದ ನೀರು ತಾವಾಗಿಯೇ ಹೊರಸೂಸುವ ಸೂಕ್ಷ್ಮತರಂಗಗಳ ಪ್ರಮಾಣ ಬೇರೆ ಬೇರೆ. ಆ ವ್ಯತ್ಯಾಸವನ್ನು ಹಿಡಿದು 1978ರ ಕೊನೆಯಿಂದ ಇಂದಿನವರೆಗೆ ಲೆಕ್ಕ ಇಡಲಾಗಿದೆ. ಆರ್ಕ್ಟಿಕ್‌ನ ಹರಹು ಅತಿ ಕಡಿಮೆ ಕಂಡದ್ದು 2012ರ ಸೆಪ್ಟೆಂಬರ್‌ನಲ್ಲಿ, ಸುಮಾರು 34 ಲಕ್ಷ ಚದರ ಕಿಲೋಮೀಟರ್.

ದಪ್ಪದ ವಿಷಯಕ್ಕೆ ಬಂದರೆ ಕಥೆಯೇ ಬೇರೆ. ಈ ಕೆಲಸಕ್ಕೆಂದು ಹಾರಿಸಿದ ಉಪಗ್ರಹಗಳು ಅಳೆಯುವುದು ಎತ್ತರವನ್ನು, ಅಂದರೆ ಮಂಜುಗಡ್ಡೆ ನೀರಿನ ಮಟ್ಟಕ್ಕಿಂತ ಎಷ್ಟು ಮೇಲೆದ್ದಿದೆ ಎಂಬುದನ್ನು. ತೇಲುವ ಮಂಜುಗಡ್ಡೆಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ನೀರಿನ ಮೇಲಿರುತ್ತದೆ. ಮೇಲಿನ ಪಾಲು ಗೊತ್ತಾದರೆ ಕೆಳಗಿನದನ್ನು ಆರ್ಕಿಮಿಡೀಸ್‌ನ ನಿಯಮದಿಂದ ಲೆಕ್ಕ ಹಾಕಬಹುದು.

ಯುರೋಪಿನ ಕ್ರಯೋಸ್ಯಾಟ್-2 ಈ ಎತ್ತರವನ್ನು ರೇಡಾರ್‌ನಿಂದ ಅಳೆಯುತ್ತದೆ. 2005ರಲ್ಲಿ ಮೊದಲ ಕ್ರಯೋಸ್ಯಾಟ್ ಉಡಾವಣೆಯಲ್ಲೇ ನಾಶವಾಯಿತು. ಯೋಜನೆಯನ್ನು ಕೈಬಿಡದೆ ಮತ್ತೆ ಕಟ್ಟಿ 2010ರ ಏಪ್ರಿಲ್‌ನಲ್ಲಿ ಹಾರಿಸಿದರು. ಸುಮಾರು 700 ಕಿಲೋಮೀಟರ್ ಎತ್ತರದಿಂದ ಅದು ರೇಡಾರ್ ಮಿಡಿತಗಳನ್ನು ಕಳಿಸಿ, ಪ್ರತಿಧ್ವನಿ ಮರಳಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ನಾಸಾದ ಐಸ್‌ಸ್ಯಾಟ್-2 ಹೋದದ್ದು 2018ರ ಸೆಪ್ಟೆಂಬರ್‌ನಲ್ಲಿ. ಅದರದು ಹಸಿರು ಲೇಸರ್, ಸೆಕೆಂಡಿಗೆ 10,000 ಮಿಡಿತ. ಮರಳಿ ಬರುವ ಫೋಟಾನ್‌ಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಒಂದೊಂದಾಗಿ ಎಣಿಸುವಷ್ಟು ಅದು ಸೂಕ್ಷ್ಮ.

ಆದರೆ ಎತ್ತರವನ್ನು ಯಾವುದಕ್ಕೆ ಹೋಲಿಸಿ ಹೇಳುವುದು? ಸಮುದ್ರದ ಮಟ್ಟ ಎಲ್ಲ ಕಡೆ ಒಂದೇ ಇರುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಮಂಜುಗಡ್ಡೆಯ ನಡುವಿನ ಬಿರುಕುಗಳು. ಅವುಗಳಲ್ಲಿ ಕಾಣುವ ನಿಶ್ಚಲ ನೀರು ಕನ್ನಡಿಯಂತೆ ವರ್ತಿಸಿ ಚೂಪಾದ ಪ್ರತಿಧ್ವನಿ ಕೊಡುತ್ತದೆ. ಒರಟು ಮಂಜುಗಡ್ಡೆಯ ಪ್ರತಿಧ್ವನಿ ಹರಡಿಕೊಂಡಿರುತ್ತದೆ. ಎರಡನ್ನೂ ಬೇರ್ಪಡಿಸಿ, ಪಕ್ಕದ ಬಿರುಕಿನ ನೀರಿಗಿಂತ ಮಂಜುಗಡ್ಡೆ ಎಷ್ಟು ಸೆಂಟಿಮೀಟರ್ ಎತ್ತರದಲ್ಲಿದೆ ಎಂದು ನೋಡುತ್ತಾರೆ.

ನಿಜವಾದ ತೊಡಕು ಇರುವುದು ಮಂಜುಗಡ್ಡೆಯ ಮೇಲೆ ಬಿದ್ದ ಹಿಮದಲ್ಲಿ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳೇ ಅದು, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಕಡೆ ಮಂಜುಗಡ್ಡೆಯ ಮೇಲ್ಮೈ ನೀರಿಗಿಂತ 15 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಮೇಲೆ ಹಿಮವೇ ಇಲ್ಲದಿದ್ದರೆ ಒಟ್ಟು ದಪ್ಪ ಸುಮಾರು 1.4 ಮೀಟರ್. ಅದರ ಮೇಲೆ 20 ಸೆಂಟಿಮೀಟರ್ ಹಿಮ ಕೂತಿದ್ದರೆ? ಸರಕು ಹೇರಿದ ದೋಣಿಯ ಹಾಗೆ ಮಂಜುಗಡ್ಡೆ ಕೆಳಕ್ಕೆ ಕುಸಿದಿರುತ್ತದೆ. ಅಷ್ಟು ಭಾರ ಹೊತ್ತೂ 15 ಸೆಂಟಿಮೀಟರ್ ಮೇಲಿದೆ ಎಂದರೆ ದಪ್ಪ ಹೆಚ್ಚುಕಡಿಮೆ 2 ಮೀಟರ್ ಇರಲೇಬೇಕು. ಲೇಸರ್‌ಗೆ ಕಾಣುವುದು ಹಿಮದ ಮೇಲ್ಮೈ, ಅಂದರೆ 35 ಸೆಂಟಿಮೀಟರ್. ಅಷ್ಟನ್ನೂ ಮಂಜುಗಡ್ಡೆಯೆಂದೇ ಬಗೆದರೆ ಲೆಕ್ಕ 3.3 ಮೀಟರ್ ತೋರಿಸುತ್ತದೆ! ಜಾಗ ಒಂದೇ, ಹಿಮವನ್ನು ಹೇಗೆ ಲೆಕ್ಕಕ್ಕೆ ಹಿಡಿದಿರಿ ಎಂಬುದರ ಮೇಲೆ ಉತ್ತರ ಮೂರು.

ಹಾಗಾದರೆ ಹಿಮದ ಆಳ ಎಷ್ಟೆಂದು ಯಾರು ಹೇಳಬೇಕು? ಬಹಳ ಕಾಲ ಇದಕ್ಕೆ ಆಧಾರವಾಗಿದ್ದದ್ದು 1954ರಿಂದ 1991ರವರೆಗೆ ತೇಲುವ ಮಂಜುಗಡ್ಡೆಯ ಮೇಲೆಯೇ ವಾಸವಿದ್ದ ಸೋವಿಯತ್ ಸಂಶೋಧಕರು ಕೈಯಾರೆ ಅಳೆದಿಟ್ಟ ಅಂಕಿಗಳು. ಆ ಕೊರೆಯುವ ಚಳಿಯಲ್ಲಿ ಕೋಲು ನೆಟ್ಟು ಹಿಮ ಅಳೆದವರ ಶ್ರಮ ದಶಕಗಳ ನಂತರ ಉಪಗ್ರಹದ ಲೆಕ್ಕಕ್ಕೆ ಆಸರೆಯಾಯಿತು. ಆದರೆ ಆರ್ಕ್ಟಿಕ್ ಈಗ ಆಗಿನಂತಿಲ್ಲ. ಮಂಜುಗಡ್ಡೆ ತಡವಾಗಿ ಹೆಪ್ಪುಗಟ್ಟುವುದರಿಂದ ಅದರ ಮೇಲೆ ಶೇಖರವಾಗುವ ಹಿಮವೂ ಕಡಿಮೆ.

ಅದಕ್ಕೇ ಎರಡು ಉಪಗ್ರಹಗಳನ್ನು ಜೋಡಿಸುವ ಉಪಾಯ ಹುಟ್ಟಿತು. ಲೇಸರ್ ಹಿಮದ ಮೇಲ್ಮೈಯಿಂದ ಮರಳುತ್ತದೆ; ಕ್ರಯೋಸ್ಯಾಟ್‌ನ ರೇಡಾರ್ ಒಣಹಿಮವನ್ನು ತೂರಿ ಮಂಜುಗಡ್ಡೆಯ ಹತ್ತಿರಕ್ಕೆ ಹೋಗುತ್ತದೆ. ಎರಡೂ ಎತ್ತರಗಳ ನಡುವಿನ ಅಂತರವೇ ಹಿಮದ ಆಳ. 2020ರ ಜುಲೈನಲ್ಲಿ ಕ್ರಯೋಸ್ಯಾಟ್-2ರ ಕಕ್ಷೆಯನ್ನು ಸುಮಾರು ಒಂದು ಕಿಲೋಮೀಟರ್‌ನಷ್ಟು ಎತ್ತರಿಸಿ, ಅದು ಐಸ್‌ಸ್ಯಾಟ್-2ರ ದಾರಿಗೆ ಆಗಾಗ ಸರಿಹೊಂದುವಂತೆ ಮಾಡಿದ್ದು ಇದಕ್ಕಾಗಿಯೇ. ಇಸ್ರೋ ಮತ್ತು ಫ್ರಾನ್ಸ್ ಸೇರಿ 2013ರಲ್ಲಿ ಹಾರಿಸಿದ ಸರಳ್ ಉಪಗ್ರಹವೂ ಇಂಥ ಹೋಲಿಕೆಗೆ ಒದಗಿದೆ. ಅದರ ರೇಡಾರ್ ತರಂಗ ಇನ್ನೂ ಗಿಡ್ಡ, ಹಾಗಾಗಿ ಹಿಮದೊಳಗೆ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ.

ಇಷ್ಟಾದರೂ ರೇಡಾರ್ ಪ್ರತಿಬಾರಿ ಹಿಮದ ತಳದವರೆಗೆ ಹೋಗುತ್ತದೆ ಎಂದು ಭಾವಿಸುವಂತಿಲ್ಲ. ಹಿಮ ತುಸು ಒದ್ದೆಯಾದರೆ, ಉಪ್ಪು ಸೇರಿದರೆ, ಗಾಳಿಗೆ ಪದರ ಬಿಗಿಯಾದರೆ ಪ್ರತಿಧ್ವನಿ ಮಧ್ಯದಿಂದಲೇ ಮರಳಬಹುದು. 2019–20ರಲ್ಲಿ ಪೋಲಾರ್‌ಸ್ಟರ್ನ್ ಹಡಗು ಮಂಜುಗಡ್ಡೆಯೊಡನೆ ತೇಲಿದ ಮೊಸಾಯಿಕ್ ಅಭಿಯಾನದಲ್ಲಿ, ಉಪಗ್ರಹಗಳು ಬಳಸುವ ಆವರ್ತನಗಳ ರೇಡಾರನ್ನೇ ಮಂಜುಗಡ್ಡೆಯ ಮೇಲಿಟ್ಟು ಇದನ್ನು ಪರೀಕ್ಷಿಸಿದರು. ಬೇಸಿಗೆಯಲ್ಲಿ ಇನ್ನೊಂದು ಪೇಚು: ಕರಗಿದ ನೀರು ಮಂಜುಗಡ್ಡೆಯ ಮೇಲೆ ಹೊಂಡಗಳಾಗಿ ನಿಂತು, ರೇಡಾರ್‌ಗೆ ಬಿರುಕಿನ ನೀರಿನಂತೆಯೇ ಕಾಣುತ್ತದೆ. ಹೀಗಾಗಿ ಆರ್ಕ್ಟಿಕ್‌ನ ದಪ್ಪದ ನಕ್ಷೆಗಳು ವರ್ಷಗಟ್ಟಲೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ ಸಿಗುತ್ತಿದ್ದವು. ಹೊಂಡವನ್ನೂ ಬಿರುಕನ್ನೂ ಪ್ರತ್ಯೇಕಿಸಲು ಕಂಪ್ಯೂಟರ್‌ಗೆ ಕಲಿಸಿ, ಬೇಸಿಗೆಯ ತಿಂಗಳುಗಳನ್ನೂ ತುಂಬಿಕೊಟ್ಟ ಅಧ್ಯಯನ ಪ್ರಕಟವಾದದ್ದು 2022ರಲ್ಲಿ.

ಇದೆಲ್ಲ ತೇಲುವ ಮಂಜುಗಡ್ಡೆಯ ಮಾತು. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ನೆಲದ ಮೇಲೆ ಕಿಲೋಮೀಟರ್‌ಗಟ್ಟಲೆ ದಪ್ಪ ಕುಳಿತ ಮಂಜುಗಡ್ಡೆಯ ರಾಶಿಗೆ ತೇಲುವಿಕೆಯ ಲೆಕ್ಕ ನಡೆಯದು. ಅದರ ತಳ ಕಾಣಲು ವಿಮಾನಗಳಿಗೆ ದೀರ್ಘತರಂಗದ ರೇಡಾರ್ ಕಟ್ಟಿ ಹಾರಿಸುತ್ತಾರೆ. ಉಪಗ್ರಹಗಳು ಅಲ್ಲಿ ಗಮನಿಸುವುದು ಮುಖ್ಯವಾಗಿ ಬದಲಾವಣೆಯನ್ನು: ಮೇಲ್ಮೈ ಎಷ್ಟು ತಗ್ಗಿತು, ಎಷ್ಟು ವೇಗವಾಗಿ ಸಮುದ್ರದತ್ತ ಜಾರುತ್ತಿದೆ, ತೂಕ ಎಷ್ಟು ಇಳಿಯಿತು. ತೂಕದ ಲೆಕ್ಕ ಕೊಟ್ಟದ್ದು 2017ರವರೆಗೆ ಗ್ರೇಸ್ ಜೋಡಿ ಉಪಗ್ರಹಗಳು, 2018ರಿಂದ ಅವುಗಳ ಜಾಗಕ್ಕೆ ಬಂದ ಗ್ರೇಸ್-ಎಫ್‌ಒ ಜೋಡಿ. ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೊಂದು ಸಾಗುವ ಇವು, ಕೆಳಗಿನ ಗುರುತ್ವದ ಸೆಳೆತಕ್ಕೆ ತಮ್ಮ ನಡುವಿನ ಅಂತರ ಕೂದಲೆಳೆಗಿಂತ ಎಷ್ಟೋ ಕಡಿಮೆ ಬದಲಾದರೂ ಗುರುತಿಸುತ್ತವೆ. 2002ರಿಂದ ಬಂದ ಆ ಮಾಹಿತಿಯ ಪ್ರಕಾರ ಗ್ರೀನ್‌ಲ್ಯಾಂಡ್ ಸರಾಸರಿ ವರ್ಷಕ್ಕೆ 250 ಶತಕೋಟಿ ಟನ್‌ಗೂ ಹೆಚ್ಚು ಮಂಜುಗಡ್ಡೆ ಕಳೆದುಕೊಳ್ಳುತ್ತಿದೆ.